ಎರಡು ಆಟ, ಒಂದೇ ಮಂಡಿ

ನಮ್ಮ ಕಡೆ 'ಆಟ'ವೆಂದರೆ ಯಕ್ಷಗಾನ. "ಇವತ್ತು ಎಲ್ಲಿ ಆಟ?" ಎಂದು ಅಮಾಸೆಬೈಲು ಪೇಟೆಯಲ್ಲಿ ಯಾರಾದರೂ ಕೇಳಿದರೆ ಮಾತು ಕಮಲಶಿಲೆ ಮೇಳದ್ದೋ, ಮಂದಾರ್ತಿ ಮೇಳದ್ದೋ, ಮಾರಣಕಟ್ಟೆಯದ್ದೋ ಎಂಬಲ್ಲಿಂದ ಮುಂದುವರಿಯುತ್ತದೆ. ಕ್ರಿಕೆಟ್ಟು, ವಾಲಿಬಾಲು, ಕಬಡ್ಡಿ, ಫುಟ್‌ಬಾಲುಗಳಿಗೆಲ್ಲ ಅವುಗಳ ಹೆಸರು ಹಿಡಿದು ಹೇಳಬೇಕು. ಯಕ್ಷಗಾನಕ್ಕೆ ಮಾತ್ರ ಆ ಅಗತ್ಯವಿಲ್ಲ. ಆ ಆಟದ ಬಗ್ಗೆ ಬರೆಯುವುದು ಇಪ್ಪತ್ತು ವರ್ಷಗಳಷ್ಟು ಕಾಲ ನನಗಂಟಿಕೊಂಡಿದ್ದ ಚಟ. ಹಗಲು ಶಾಲೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದಬೇಕು, ರಾತ್ರಿ ಗದ್ದೆಯಲ್ಲಿ ಕೂತು ಆಟ ನೋಡಬೇಕು, ಮರುದಿನ ತೂಕಡಿಸುತ್ತಲೇ ಪತ್ರಿಕೆಗೆ ವಿಮರ್ಶೆ ಬರೆದು ಬಸ್ಸಿನಲ್ಲಿ ಕಳಿಸಬೇಕು. ಹಗಲಿನ ತಿದ್ದುವಿಕೆಯ ಅಭ್ಯಾಸ ರಾತ್ರಿಯ ಬರವಣಿಗೆಗೂ ಬಂದಿತ್ತೆಂದು ಕಾಣುತ್ತದೆ. ಕಲಾವಿದರಿಗೆ ಅಂಕ ಕೊಡುವುದರಲ್ಲಿ ನಾನು ಕೈಬಿಗಿಯವನಲ್ಲ. ಆದರೆ ಯಾವುದಕ್ಕೆ ಅಂಕ ಕೊಟ್ಟೆ ಎಂಬುದನ್ನು ಯೋಚಿಸಲಿಕ್ಕೆ ನನಗೊಂದು ಫುಟ್‌ಬಾಲ್ ಪಂದ್ಯ ಬೇಕಾಯಿತು. ಆ ಕಥೆಯನ್ನು ಹೇಳುವುದಕ್ಕೆಂದೇ ಈ ಬರೆಹ.

2014ರ ಜುಲೈ ತಿಂಗಳು. ಪತ್ತನಾಜೆ ಕಳೆದು ಮೇಳಗಳೆಲ್ಲ ಗೆಜ್ಜೆ ಬಿಚ್ಚಿಟ್ಟು ಒಂದೂವರೆ ತಿಂಗಳಾಗಿತ್ತು. ಘಟ್ಟದ ಬುಡದ ನಮ್ಮೂರಲ್ಲಿ ಮಳೆಗಾಲದ ರಾತ್ರಿಗಳು ಬಹಳ ಉದ್ದ. ಆರು ತಿಂಗಳು ನಿದ್ದೆಗೆಟ್ಟು ರೂಢಿಯಾದ ಕಣ್ಣಿಗೆ ಕೆಲಸವಿರುವುದಿಲ್ಲ. ನೆರೆಮನೆಯ ಹುಡುಗರು ವಿಶ್ವಕಪ್ಪಿನ ಫೈನಲ್ ನೋಡಲಿಕ್ಕೆ ಕರೆದರು. ಪಂದ್ಯ ನಡೆಯುವುದು ಬ್ರೆಜಿಲಿನಲ್ಲಿ, ನಮಗೆ ಶುರುವಾಗುವುದು ನಡುರಾತ್ರಿ ಹನ್ನೆರಡೂವರೆಗೆ. ಅಂದರೆ ಸರಿಯಾಗಿ ಎದುರುವೇಷ ರಂಗಕ್ಕೆ ಬರುವ ಹೊತ್ತು. ಕೊಡೆ ಹಿಡಿದುಕೊಂಡು ಹೋದೆ. ಪುಣ್ಯಕ್ಕೆ ಆ ರಾತ್ರಿ ಕರೆಂಟು ಹೋಗಲಿಲ್ಲ.

ಜರ್ಮನಿಗೂ ಅರ್ಜೆಂಟೀನಾಕ್ಕೂ ಪಂದ್ಯ. ಜರ್ಮನಿಯ ಖೆದಿರಾ ಎಂಬ ಆಟಗಾರನಿಗೆ ಮೈ ಬಿಸಿಮಾಡಿಕೊಳ್ಳುವಾಗಲೇ ಮೀನಖಂಡದಲ್ಲಿ ನೋವು ಕಾಣಿಸಿತು. ಕೊನೆಯ ಗಳಿಗೆಯಲ್ಲಿ ಅವನ ಜಾಗಕ್ಕೆ ಕ್ರಿಸ್ಟೋಫ್ ಕ್ರಾಮರ್ ಎಂಬ ಯುವಕನನ್ನು ಇಳಿಸಿದರು. ಹದಿನೇಳನೆಯ ನಿಮಿಷಕ್ಕೆ ಎದುರಾಳಿಯ ಹೆಗಲು ಅವನ ಮುಖಕ್ಕೆ ಬಡಿಯಿತು. ಕಡಿದ ಬಾಳೆಯಂತೆ ಬಿದ್ದ. ಸ್ವಲ್ಪ ಹೊತ್ತಿನಲ್ಲಿ ಎದ್ದು ಮತ್ತೆ ಓಡತೊಡಗಿದ. "ಎಂಥಾ ಗಟ್ಟಿಗ ಮರಾಯ! ಬಿದ್ರೂ ಬಿಡ್ಲಿಲ್ಲೆ ಕಾಣ್" ಎಂದು ಹುಡುಗರು ಕೂಗಿದರು. ನಾನೂ ತಲೆದೂಗಿದೆ. ಮೂವತ್ತೊಂದನೆಯ ನಿಮಿಷಕ್ಕೆ ಅವನನ್ನು ಹೊರಗೆ ಕರೆಸಿಕೊಂಡರು. ಹೊರಗೆ ಹೋಗುವಾಗ ಅವನ ಕಣ್ಣು ಎಲ್ಲೋ ನೆಟ್ಟಿತ್ತು. ಬಯಲಾಟದ ಗದ್ದೆಯಲ್ಲಿ ಬೆಳಗಿನ ಜಾವ ಎಚ್ಚರಗೊಂಡ ಮಗುವಿನ ಕಣ್ಣಿನ ಹಾಗೆ.

ಆಮೇಲೆ ಪಂದ್ಯದ ರೆಫರಿ ರಿಝೋಲಿ ಹೇಳಿದ ಸಂಗತಿ ಪತ್ರಿಕೆಗಳಲ್ಲಿ ಬಂತು. ಪೆಟ್ಟು ಬಿದ್ದ ಮೇಲೆ ಕ್ರಾಮರ್ ಅವರ ಹತ್ತಿರ ಬಂದು, ಇದು ಫೈನಲ್ ಪಂದ್ಯವೇ ಎಂದು ಕೇಳಿದನಂತೆ. ತಮಾಷೆಯಿರಬೇಕೆಂದು ರೆಫರಿ ಮೊದಲು ಎಣಿಸಿದರಂತೆ. ಗೆದ್ದ ತಂಡದಲ್ಲಿದ್ದ ಆ ಹುಡುಗನಿಗೆ ತಾನು ಆಡಿದ ಆ ಹೊತ್ತಿನ ನೆನಪೇ ಉಳಿಯಲಿಲ್ಲ. ಮಿದುಳು ಅಲುಗಿ, ತಾನೆಲ್ಲಿದ್ದೇನೆಂದು ತಿಳಿಯದವನೊಬ್ಬ ಹದಿನಾಲ್ಕು ನಿಮಿಷ ಕೋಟ್ಯಂತರ ಜನರ ಕಣ್ಣೆದುರಿಗೆ ಓಡಾಡಿದ. ನಾವು ಅದನ್ನು ಗಟ್ಟಿಗತನವೆಂದು ಓದಿಕೊಂಡೆವು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಯಾವ ಫುಟ್‌ಬಾಲ್ ಆಟಗಾರನೂ ಅಲ್ಲ, ನಮ್ಮ ಒಂದು ಮೇಳದ ಪುಂಡುವೇಷಧಾರಿ.

ಹೆಸರು ಬೇಡ. ಅವರ ಅಭಿಮನ್ಯು ಬಲು ಚೆಂದ. ಚಕ್ರವ್ಯೂಹದೊಳಗೆ ಅವರು ಮಂಡಿ ಹಾಕಿದರೆಂದರೆ ಗದ್ದೆಯ ಕೊನೆಯಲ್ಲಿ ಕಡಲೆ ಮಾರುವವನೂ ಎದ್ದುನಿಂತು ನೋಡಬೇಕು. ಬಡಗುತಿಟ್ಟಿನ ಮಂಡಿಯನ್ನು ಕಾಣದವರಿಗೆ ಹೇಳಬೇಕೆಂದರೆ, ಕಲಾವಿದ ಎರಡೂ ಮೊಣಕಾಲೂರಿ, ಚೆಂಡೆಯ ಪೆಟ್ಟಿಗೆ ಸರಿಯಾಗಿ, ಮಂಡಿಯ ಮೇಲೆಯೇ ಬುಗುರಿಯಂತೆ ಸುತ್ತುತ್ತ ರಂಗವನ್ನು ಬಳಸುವ ಕುಣಿತ ಅದು. ತಲೆಯ ಮೇಲೆ ಕಿರೀಟವೋ ಮುಂಡಾಸೋ ಇರುತ್ತದೆ, ಮೈತುಂಬ ವೇಷದ ಭಾರವಿರುತ್ತದೆ. ಅಷ್ಟೂ ಭಾರ ಅಂಗೈಯಗಲದ ಎರಡು ಚಿಪ್ಪುಗಳ ಮೇಲೆ ಬಿದ್ದು ತಿರುಗುತ್ತದೆ. ಒಂದು ರಾತ್ರಿ ನಾನು ಚೌಕಿಗೆ ಹೋದಾಗ ಅವರ ಬಲಮಂಡಿ ಊದಿಕೊಂಡಿತ್ತು. ಸಂಜೆಯಷ್ಟೇ ಇಂಜೆಕ್ಷನ್ ಹಾಕಿಸಿಕೊಂಡು ಬಂದಿದ್ದರು. "ಇವತ್ತು ಹಾಕ್ತ್ರ್ಯಾ?" ಎಂದು ಕೇಳಿದೆ. ನಕ್ಕರು. ಆ ರಾತ್ರಿ ಎಂದಿಗಿಂತ ಎರಡು ಸುತ್ತು ಹೆಚ್ಚೇ ಹಾಕಿದರು. ನಾನು ಮರುದಿನ ವಿಮರ್ಶೆ ಬರೆದೆ. ನೋವನ್ನು ತಾನು ನುಂಗಿ ನಲಿವನ್ನು ನಮಗೆ ಹಂಚಿದ ಕಲಾವಿದ, ಇಂಥವರಿಂದಲೇ ಕಲೆ ಉಳಿದಿದೆ, ಎಂಬ ಧಾಟಿಯಲ್ಲಿ. ಬರೆದು ನಾನೂ ಖುಷಿಪಟ್ಟೆ; ಸಂಪಾದಕರು ದಪ್ಪ ಅಕ್ಷರದಲ್ಲಿ ಹಾಕಿದರು.

ವಿಶ್ವಕಪ್ಪು ಮುಗಿದ ಆ ವರ್ಷವೇ ಅವರು ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಮೇಳ ಬಿಟ್ಟು ವರ್ಷಗಳಾಗಿದ್ದವು. ಬಸ್ಸಿನ ಮೊದಲ ಮೆಟ್ಟಿಲಿಗೆ ಎಡಗಾಲಿಟ್ಟು, ಎರಡೂ ಕೈಯಿಂದ ಕಂಬಿ ಹಿಡಿದು ಬಲಗಾಲನ್ನು ಎಳೆದುಕೊಂಡರು. ಒಳಗೆ ಪಕ್ಕದಲ್ಲಿ ಕೂತಾಗ ಅವರಾಗಿಯೇ ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: "ಮಾಷ್ಟ್ರೆ, ನೀವ್ ಬರ್ದದ್ದನ್ನ ಕತ್ರಿಸಿ ಇಟ್ಕಂಡಿದೆ. ಅದನ್ನ ಓದ್ದ ಮೇಲೆ ಮಂಡಿ ಬಿಡುಕೆ ಮನ್ಸ್ ಬರ್ಲಿಲ್ಲೆ. ಮತ್ತೂ ಎರಡ್ ತಿರ್ಗಾಟ ಹಾಕ್ದೆ." ಅವರ ದನಿಯಲ್ಲಿ ದೂರಿರಲಿಲ್ಲ. ಕೃತಜ್ಞತೆಯೇ ಇತ್ತು. ದೂರಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ಅಂದಿನಿಂದ ಫುಟ್‌ಬಾಲಿನ ಗಾಯ, ತರಬೇತಿ, ಚಿಕಿತ್ಸೆಗಳ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಯಾಕೆ ಫುಟ್‌ಬಾಲೆಂದರೆ, ಕಾಲನ್ನು ಬಂಡವಾಳ ಮಾಡಿಕೊಂಡ ಕಸುಬುಗಳಲ್ಲಿ ಜಗತ್ತು ಅತಿ ಹೆಚ್ಚು ಹಣವನ್ನೂ ತಲೆಯನ್ನೂ ಖರ್ಚು ಮಾಡಿರುವುದು ಅದರ ಮೇಲೆ. ಅಲ್ಲಿ ಕಂಡದ್ದರಲ್ಲಿ ನಮಗೆ ಬೇಕಾದದ್ದು ಬಹಳವಿದೆ. ಆ ಜಗತ್ತೂ ತಪ್ಪು ಮಾಡಿಯೇ ಕಲಿತದ್ದು.

ಮೊದಲು ತರಬೇತಿಯ ಮಾತು. ಫುಟ್‌ಬಾಲಿನಲ್ಲಿ ಮಂಡಿಯೊಳಗಿನ ಅಡ್ಡ ನಾರು ಹರಿಯುವುದು ದೊಡ್ಡ ಗಾಯ. ಶಸ್ತ್ರಚಿಕಿತ್ಸೆಯಾದ ಮೇಲೆ ಮತ್ತೆ ಮೈದಾನಕ್ಕಿಳಿಯಲು ಸಾಮಾನ್ಯವಾಗಿ ಒಂಬತ್ತು ತಿಂಗಳು ಬೇಕು. ಯಾರೋ ಒದ್ದದ್ದರಿಂದಲೇ ಅದು ಹರಿಯುತ್ತದೆಂದು ನಾನು ತಿಳಿದಿದ್ದೆ. ಹಾಗಲ್ಲ. ಹೆಚ್ಚಿನ ಸಲ ಎದುರಾಳಿ ಮುಟ್ಟಿರುವುದೇ ಇಲ್ಲ. ಓಡುತ್ತಿದ್ದವನು ಗಕ್ಕನೆ ನಿಂತು, ಪಾದ ನೆಲಕ್ಕೆ ಕಚ್ಚಿರುವಾಗಲೇ ಮೈಯನ್ನು ತಿರುಗಿಸಿದರೆ ಮಂಡಿ ಒಳಮುಖವಾಗಿ ಕುಸಿದು ನಾರು ಹರಿಯುತ್ತದೆ. ಹಾಗಾದರೆ ಇದು ವಿಧಿಯಲ್ಲ, ಇಳಿಯುವ ಮತ್ತು ತಿರುಗುವ ಕ್ರಮದ ದೋಷ, ಕ್ರಮವನ್ನು ಕಲಿಸಬಹುದು. ಹೀಗೆಂದುಕೊಂಡು ಫಿಫಾ ಸಂಸ್ಥೆಯ ವೈದ್ಯರು ಇಪ್ಪತ್ತು ನಿಮಿಷಗಳ ಒಂದು ಪೂರ್ವಾಭ್ಯಾಸವನ್ನು ರೂಪಿಸಿದರು. ನಿಧಾನದ ಓಟ, ಒಂಟಿಕಾಲಿನಲ್ಲಿ ನಿಲ್ಲುವುದು, ತೊಡೆಯ ಹಿಂಬದಿಯನ್ನು ಗಟ್ಟಿಗೊಳಿಸುವುದು, ಹಾರಿ ಮಂಡಿ ಮಡಿಸಿ ಮೆತ್ತಗೆ ಇಳಿಯುವುದು, ಇಷ್ಟೇ. ಯಂತ್ರ ಬೇಡ, ಖರ್ಚಿಲ್ಲ. ನಾರ್ವೆಯ ಹದಿಹರೆಯದ ಆಟಗಾರ್ತಿಯರು ಒಂದು ಋತುವಿಡೀ ಇದನ್ನು ಮಾಡಿದಾಗ ಒಟ್ಟು ಗಾಯಗಳು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾದವೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ.

ಇದನ್ನು ಓದಿದಾಗ ನನಗೆ ನಮ್ಮ ಪೂರ್ವರಂಗ ನೆನಪಾಯಿತು. ಹಿಂದೆ ಆಟವೆಂದರೆ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ, ಆಮೇಲೆ ಒಡ್ಡೋಲಗ. ಮೇಳಕ್ಕೆ ಸೇರಿದ ಹುಡುಗ ಕೋಡಂಗಿಯಾಗಿ ಗೆಜ್ಜೆ ಕಟ್ಟಿ, ವರ್ಷವರ್ಷಕ್ಕೆ ಒಂದೊಂದು ಮೆಟ್ಟಿಲು ಹತ್ತುತ್ತ ಬರಬೇಕು. ಕಾಲಿಗೆ ಭಾರ ಬೀಳುವುದು ನಿಧಾನವಾಗಿ. ಇದು ಫುಟ್‌ಬಾಲ್ ತರಬೇತುದಾರರು ಇಂದು ಲೆಕ್ಕ ಬರೆದು ಮಾಡುವ ಕೆಲಸವೇ: ಹೊರೆಯನ್ನು ಒಮ್ಮೆಲೇ ಏರಿಸಬಾರದು, ವಾರವಾರಕ್ಕೆ ಸ್ವಲ್ಪವೇ ಏರಿಸಬೇಕು. ಹಿರಿಯರಿಗೆ ಆ ಲೆಕ್ಕ ಗೊತ್ತಿತ್ತೋ, ಸಂಪ್ರದಾಯವೇ ಅವರ ಪರವಾಗಿ ಲೆಕ್ಕ ಇಟ್ಟಿತ್ತೋ ಹೇಳಲಾರೆ. ಈಗ ಕಾಲಮಿತಿಯ ಆಟ. ಪೂರ್ವರಂಗ ಬಹಳ ಕಡೆ ಶಾಸ್ತ್ರಕ್ಕೆ ಮಾತ್ರ. ಒಂದೆರಡು ವರ್ಷ ಕಲಿತ ಚುರುಕಿನ ಹುಡುಗ ನೇರ ಬಬ್ರುವಾಹನನಾಗುತ್ತಾನೆ. ಚೌಕಿಯಲ್ಲಿ ಬಣ್ಣ ಹಚ್ಚಿ ಎರಡು ತಾಸು ಕಾಲು ಮಡಿಸಿ ಕೂತಿದ್ದವನು ತಣ್ಣಗಿನ ಮೈಯಲ್ಲೇ ರಂಗಕ್ಕೆ ನುಗ್ಗಿ ಮಂಡಿ ಹಾಕುತ್ತಾನೆ. ನಾವು ಕೈಬಿಟ್ಟದ್ದು ಬರೀ ಶಾಸ್ತ್ರವನ್ನಲ್ಲ, ಮೈ ಬಿಸಿಮಾಡುವ ಹೊತ್ತನ್ನೂ ಕೈಬಿಟ್ಟೆವು. ಪೂರ್ವರಂಗ ಹೋಯಿತೆಂದು ಎಷ್ಟೋ ವಿಮರ್ಶಕರು ಗೋಳಾಡಿದ್ದಾರೆ, ನಾನೂ ಗೋಳಾಡಿದ್ದೇನೆ. ಆದರೆ ಆ ಗೋಳಿನಲ್ಲಿ ಕಲಾವಿದನ ಮೊಣಕಾಲು ಒಮ್ಮೆಯೂ ಬಂದದ್ದಿಲ್ಲ.

ಇನ್ನು ಚಿಕಿತ್ಸೆ. ನಮ್ಮಲ್ಲಿ ಕಾಲು ಉಳುಕಿದರೆ ಮೊದಲು ಎಣ್ಣೆ ಹಾಕಿ ತಿಕ್ಕುವುದು, ಆಮೇಲೆ ನಾಟಿ ವೈದ್ಯರಲ್ಲಿ ಕಟ್ಟು ಕಟ್ಟಿಸುವುದು, ಅದಕ್ಕೂ ಬಗ್ಗದಿದ್ದರೆ ಮಾತ್ರೆ, ಕೊನೆಗೆ ಇಂಜೆಕ್ಷನ್. ನಾಟಿ ವೈದ್ಯರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರ ಕೈಗುಣದಿಂದ ನೆಟ್ಟಗಾದ ಕೈಕಾಲುಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಆದರೆ ಈಗಷ್ಟೇ ಊದಿದ ಮಂಡಿಯನ್ನು ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ಮೊದಲ ಒಂದೆರಡು ದಿನ ಅದಕ್ಕೆ ಬೇಕಾದದ್ದು ತಣ್ಣನೆಯ ಪಟ್ಟಿ ಮತ್ತು ವಿಶ್ರಾಂತಿ. ಇನ್ನು ನೋವಿನ ಇಂಜೆಕ್ಷನ್ನಿನ ವಿಷಯ ಬೇರೆಯೇ. ನೋವೆಂದರೆ ಮನೆಯ ನಾಯಿ ಇದ್ದ ಹಾಗೆ. ಬೊಗಳಿದರೆ ಯಾರು ಬಂದರೆಂದು ನೋಡಬೇಕು. ನಾಯಿಯ ಬಾಯಿ ಕಟ್ಟಿ ಮಲಗಿದರೆ ನಿದ್ದೆಯೇನೋ ಬರುತ್ತದೆ, ಬಂದವನು ಹೋಗುವುದಿಲ್ಲ. ಮಂಡಿಯೊಳಗೆ ಮತ್ತೆ ಮತ್ತೆ ಔಷಧಿ ಚುಚ್ಚಿಸಿಕೊಂಡು ಆಡಿ, ನಿವೃತ್ತರಾದ ಮೇಲೆ ಕುಂಟಿದ ಹಳೆಯ ಕಾಲದ ವೃತ್ತಿಪರ ಫುಟ್‌ಬಾಲಿಗರು ಯುರೋಪಿನಲ್ಲಿ ಒಬ್ಬಿಬ್ಬರಲ್ಲ.

ಹಾಗಾದರೆ ಒಳ್ಳೆಯ ಆಸ್ಪತ್ರೆ ಬೇಕಲ್ಲ ಎನ್ನಬಹುದು. ಆಸ್ಪತ್ರೆಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ; 1953ರಲ್ಲೇ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಶುರುವಾಗಿದೆ. ಬರವಿರುವುದು ಬಿಡುವಿಗೆ. ವೈದ್ಯರು ಮೂರು ತಿಂಗಳು ಕುಣಿಯಬೇಡಿ ಎಂದು ಚೀಟಿ ಬರೆದುಕೊಡಬಹುದು. ಆ ಮೂರು ತಿಂಗಳ ಅಕ್ಕಿ ಎಲ್ಲಿಂದ ಬರಬೇಕೆಂದು ಚೀಟಿಯಲ್ಲಿ ಇರುವುದಿಲ್ಲ. ಎಲ್ಲ ಔಷಧಿಗಳಲ್ಲಿ ಅತಿ ದುಬಾರಿ ವಿಶ್ರಾಂತಿಯೇ. ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಗಾಯಗೊಂಡವನಿಗೆ ಸಂಬಳ ನಿಲ್ಲುವುದಿಲ್ಲ. ದೇಶಕ್ಕಾಗಿ ಆಡುವಾಗ ಗಾಯವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಹೊರಗುಳಿದರೆ ಆ ಸಂಬಳದ ಹೊರೆಯನ್ನು ಕ್ಲಬ್ಬಿಗೆ ತುಂಬಿಕೊಡುವ ವ್ಯವಸ್ಥೆಯನ್ನು ಫಿಫಾ 2012ರಿಂದ ನಡೆಸಿಕೊಂಡು ಬಂದಿದೆ. ನಮ್ಮಲ್ಲಿ ಈ ದಿಕ್ಕಿನಲ್ಲಿ ಕೆಲಸವಾಗಿಲ್ಲವೆಂದಲ್ಲ. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ 'ಯಕ್ಷನಿಧಿ'ಯ ಮೂಲಕ ವೃತ್ತಿ ಕಲಾವಿದರಿಗೆ ವಿಮೆ, ಚಿಕಿತ್ಸೆಗಳಿಗೆ ಒದಗುತ್ತಿದೆ. ಅದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಆಸ್ಪತ್ರೆಯ ಬಿಲ್ಲಿಗೆ ನೆರವಾಗುವುದು ಒಂದು, ಕುಣಿಯದೆ ಕೂತ ದಿನಗಳಿಗೆ ಸಂಬಳ ಕೊಡುವುದು ಇನ್ನೊಂದು. ಎರಡನೆಯದನ್ನು ಮೇಳ ನಡೆಸುವವರು ಮಾಡಬೇಕು, ಆಟ ಆಡಿಸುವವರು ಮಾಡಬೇಕು, ನೋಡುವ ನಾವೂ ಮಾಡಬೇಕು.

ಗಾಯಕ್ಕೂ ಮೀರಿದ್ದೊಂದಿದೆ. ಅದನ್ನು ಹೇಳಲು ಬೆಂಗಳೂರಿಗೆ ಹೋಗಬೇಕು.

2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ತಂಡಕ್ಕೂ ಕೊಲ್ಕತ್ತಾದ ಮೋಹನ್ ಬಗಾನ್‌ಗೂ ಪಂದ್ಯ. ಡೆಂಪೊಗಾಗಿ ಆಡುತ್ತಿದ್ದ ಬ್ರೆಜಿಲಿನ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೆಯ ಗೋಲು ಹೊಡೆಯುವಾಗ ಎದುರಿನ ಗೋಲಿಗೆ ಡಿಕ್ಕಿಯಾಗಿ ಬಿದ್ದ. ಮತ್ತೆ ಏಳಲಿಲ್ಲ. ಇಪ್ಪತ್ತೈದು ವರ್ಷ. ಮೈದಾನದಲ್ಲಿ ಅವನಿಗೆ ಸಿಕ್ಕ ವೈದ್ಯಕೀಯ ನೆರವಿನ ಬಗ್ಗೆ ಆಗ ಕಟುವಾದ ಟೀಕೆಗಳು ಬಂದವು. ಡೆಂಪೊ ಆ ಕಪ್ಪನ್ನು ಗೆದ್ದಿತು; ಅವನ ಹತ್ತನೆಯ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಗೌರವ ಸೂಚಿಸಿತು. ಗೌರವ ದೊಡ್ಡದೇ. ಆದರೆ ಅಂಥ ಸಾವಿನಿಂದ ನಾವು ಕಲಿಯಬೇಕಾದ್ದು ಅಂಗಿ ಮಡಿಸಿಡುವುದನ್ನಷ್ಟೇ ಆಗಿರಲಿಲ್ಲ.

ಎಂಟು ವರ್ಷಗಳ ಮೇಲೆ, 2012ರ ಮಾರ್ಚ್ ತಿಂಗಳಿನ ಒಂದೇ ವಾರದ ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮಾರ್ಚ್ 17ರಂದು ಲಂಡನ್ನಿನಲ್ಲಿ ಫ್ಯಾಬ್ರಿಸ್ ಮುಆಂಬ ಎಂಬ ಆಟಗಾರ ಯಾರೂ ಮುಟ್ಟದೆಯೇ ಕುಸಿದುಬಿದ್ದ; ಹೃದಯ ನಿಂತಿತ್ತು. ಮೈದಾನದ ವೈದ್ಯರು ಓಡಿ ಬಂದು ಎದೆ ಒತ್ತತೊಡಗಿದರು. ಪಂದ್ಯ ನೋಡಲು ಬಂದಿದ್ದ ಹೃದ್ರೋಗ ತಜ್ಞರೊಬ್ಬರೂ ಪ್ರೇಕ್ಷಕರ ನಡುವಿನಿಂದ ಇಳಿದು ಕೈಜೋಡಿಸಿದರು. ಅವನ ಹೃದಯ ತಾನಾಗಿ ಬಡಿಯದೆ ಇದ್ದದ್ದು 78 ನಿಮಿಷ. ಅಷ್ಟು ಹೊತ್ತು ಯಾರೂ ಕೈಬಿಡಲಿಲ್ಲ. ಅವನು ಬದುಕಿದ. ನಾಲ್ಕು ದಿನ ಕಳೆದು, ಮಾರ್ಚ್ 21ರಂದು, ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಜಿಲ್ಲಾ ಲೀಗಿನ ಪಂದ್ಯವಾಡುತ್ತಿದ್ದ ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಕುಸಿದರು. ಇಪ್ಪತ್ತೇಳು ವರ್ಷ. ಅಲ್ಲಿ ಆಂಬುಲೆನ್ಸ್ ಇರಲಿಲ್ಲ. ಜೊತೆಯವರು ಆಟೋರಿಕ್ಷಾದಲ್ಲಿ ಎತ್ತಿಕೊಂಡು ಹೋದರು. ಅವರು ಉಳಿಯಲಿಲ್ಲ. ಲಂಡನ್ನಿನಲ್ಲಿದ್ದಂತೆ ಎಲ್ಲವೂ ಇದ್ದಿದ್ದರೆ ಅವರು ಬದುಕುತ್ತಿದ್ದರೆಂದು ನಾನು ಹೇಳಲಾರೆ. ಹೃದಯದ ವಿಷಯ ಅಷ್ಟು ಸುಲಭವಲ್ಲ. ಆದರೆ ಒಬ್ಬನಿಗೆ ಅವಕಾಶವಾದರೂ ಇತ್ತು, ಇನ್ನೊಬ್ಬನಿಗೆ ಅದೂ ಇರಲಿಲ್ಲ.

2021ರ ಜೂನ್ 12ರಂದು ಕೋಪನ್‌ಹೇಗನ್ನಿನಲ್ಲಿ ಡೆನ್ಮಾರ್ಕಿನ ಎರಿಕ್ಸನ್ ಬಿದ್ದಾಗ ಆದದ್ದನ್ನು ನಮ್ಮ ಹುಡುಗರೂ ಟಿವಿಯಲ್ಲಿ ಕಂಡರು. ನಾಯಕ ಕ್ಯಾರ್ ಓಡಿ ಬಂದು ಅವನನ್ನು ಮಗ್ಗುಲಾಗಿ ತಿರುಗಿಸಿದ. ವೈದ್ಯರು ಎದೆ ಒತ್ತುವಾಗ ಜೊತೆಗಾರರೆಲ್ಲ ಹೊರಮುಖವಾಗಿ ಸುತ್ತುಗಟ್ಟಿ ನಿಂತು ಕ್ಯಾಮೆರಾದ ಕಣ್ಣಿಗೆ ಅಡ್ಡವಾದರು. ಹೃದಯಕ್ಕೆ ವಿದ್ಯುತ್ತಿನ ಆಘಾತ ಕೊಡುವ ಯಂತ್ರ ಕೈಗೆಟುಕುವಲ್ಲಿತ್ತು. ಎರಿಕ್ಸನ್ ಬದುಕಿದ್ದಷ್ಟೇ ಅಲ್ಲ, ಮರುವರ್ಷ ಫೆಬ್ರುವರಿಯಲ್ಲಿ ಮತ್ತೆ ಆಡಿದ. ನಾನು ನೋಡಿದ ದೃಶ್ಯಗಳಲ್ಲೆಲ್ಲ ಆ ಸುತ್ತುಗಟ್ಟಿ ನಿಂತವರ ಬೆನ್ನುಗಳು ದೊಡ್ಡವು. ಬಿದ್ದವನು ನೋಟದ ವಸ್ತುವಲ್ಲವೆಂದು ಅವರು ಹೇಳುತ್ತಿದ್ದರು.

ನಾವು ಏನು ಹೇಳುತ್ತೇವೆ? 2009ರ ಫೆಬ್ರುವರಿಯಲ್ಲಿ ಕೆರೆಮನೆ ಶಂಭು ಹೆಗಡೆಯವರು ಇಡಗುಂಜಿಯಲ್ಲಿ ವೇಷ ಮಾಡಿ ಅಸ್ವಸ್ಥರಾಗಿ ತೀರಿಕೊಂಡರು. 2019ರ ಮಾರ್ಚಿನಲ್ಲಿ ಬೈಂದೂರಿನ ಹತ್ತಿರದ ಯಳಜಿತ್‌ನಲ್ಲಿ ಹುಡಗೋಡು ಚಂದ್ರಹಾಸರು ಸಾಲ್ವನ ವೇಷದಲ್ಲಿ ರಂಗದಲ್ಲಿಯೇ ಕುಸಿದರು. ಎರಡೂ ಸಲ ಜನರ ಬಾಯಲ್ಲಿ ಕೇಳಿದ್ದು ಒಂದೇ ಮಾತು: ರಂಗದಲ್ಲೇ ಪ್ರಾಣ ಬಿಟ್ಟ ಪುಣ್ಯವಂತರು, ಕಲಾವಿದನಿಗೆ ಇದಕ್ಕಿಂತ ಒಳ್ಳೆಯ ಸಾವುಂಟೇ? ದುಃಖದಲ್ಲಿದ್ದ ಮನೆಯವರಿಗೆ ಆ ಮಾತಿನಿಂದ ಸಮಾಧಾನ ಸಿಕ್ಕಿದರೆ ನಾನು ಅದನ್ನು ಕಸಿಯುವವನಲ್ಲ. ಅದು ಸಾಂತ್ವನದ ಮಾತಾಗಿ ಸರಿ, ವಿಮರ್ಶೆಯ ಮಾತಾಗಿ ತಪ್ಪು. ಸಾವನ್ನು ಪುಣ್ಯವೆಂದು ಬರೆದುಬಿಟ್ಟರೆ ಚೌಕಿಯಿಂದ ಆಸ್ಪತ್ರೆ ಎಷ್ಟು ದೂರವಿತ್ತು, ಎದೆ ಒತ್ತಲು ಬಲ್ಲವರು ಅಲ್ಲಿ ಒಬ್ಬರಾದರೂ ಇರುತ್ತಾರೆಯೇ ಎಂಬ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಅಮಾಸೆಬೈಲಿನಿಂದ ಕುಂದಾಪುರ ಹತ್ತಿರಹತ್ತಿರ ನಲವತ್ತು ಕಿಲೋಮೀಟರು. ರಾತ್ರಿ ಎರಡು ಗಂಟೆಗೆ, ತಿರುವಿನ ರಸ್ತೆಯಲ್ಲಿ. ನಿಂತ ಹೃದಯ ಅಷ್ಟು ಹೊತ್ತು ಕಾಯುವುದಿಲ್ಲ. ಆದರೆ ಎದೆ ಒತ್ತುವ ಕ್ರಮವನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಚೆಂಡೆಯ ಕೈಗಳಿಗೆ ಲಯ ಹೇಳಿಕೊಡಬೇಕಾಗಿಯೂ ಇಲ್ಲ. ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಪೆಟ್ಟು, ಅಷ್ಟೇ.

ಇಷ್ಟು ಹೇಳಿದಾಗ ಆಟದ ಹಳೆಯ ಅಭಿಮಾನಿಗಳು ಕೇಳುವ ಪ್ರಶ್ನೆ ನನಗೆ ಗೊತ್ತು. ನೋವಿಲ್ಲದೆ ಕಲೆಯುಂಟೇ ಮಾಷ್ಟ್ರೆ? ಮಂಡಿ ಬಿಟ್ಟರೆ ಅಭಿಮನ್ಯುವಿನಲ್ಲಿ ಉಳಿಯುವುದೇನು? ಪ್ರಶ್ನೆ ಹಗುರವಲ್ಲ. ಶ್ರಮದ ನೋವು ಬೇರೆ, ಗಾಯದ ನೋವು ಬೇರೆ ಎನ್ನುವುದು ಅದಕ್ಕೆ ಅರ್ಧ ಉತ್ತರ. ಶ್ರಮದ ನೋವು ಎರಡೂ ತೊಡೆಯಲ್ಲಿ ಸಮನಾಗಿ ಬಂದು ಎರಡು ದಿನದಲ್ಲಿ ಇಳಿಯುತ್ತದೆ. ಗಾಯದ ನೋವು ಒಂದೇ ಕಡೆ ಕೂರುತ್ತದೆ, ಊದಿಸುತ್ತದೆ, ಮಂಡಿಯನ್ನು ನಡುವೆ ಹಿಡಿದು ನಿಲ್ಲಿಸುತ್ತದೆ. ಮೊದಲನೆಯದು ಕಲಿಕೆ, ಎರಡನೆಯದು ಹಾನಿ.

ಉಳಿದ ಅರ್ಧಕ್ಕೆ ಬೆಂಗಳೂರಿನ ಫುಟ್‌ಬಾಲ್ ಚರಿತ್ರೆಯಲ್ಲೇ ಉತ್ತರವಿದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಿನಲ್ಲಿ ಆಡಿ ಫ್ರಾನ್ಸಿಗೆ ಎರಡಕ್ಕೊಂದು ಗೋಲಿನಿಂದ ಸೋತರು. ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಬರಿಗಾಲಿನ ಅಹಮದ್ ಖಾನರ ಚೆಂಡಿನ ಹಿಡಿತ ಕಂಡು ಲಂಡನ್ ಬೆರಗಾಯಿತು. ಆ ಬರಿಗಾಲು ನಮಗೆ ದೇಶಾಭಿಮಾನದ ಗುರುತಾಯಿತು. ನಾಲ್ಕು ವರ್ಷಗಳ ಮೇಲೆ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯ ನಮ್ಮನ್ನು ಹತ್ತಕ್ಕೊಂದರಿಂದ ಸೋಲಿಸಿತು. ಆಮೇಲೆ ಬೂಟು ಕಡ್ಡಾಯವಾಯಿತು. ಬರಿಗಾಲಿನೊಂದಿಗೆ ನಮ್ಮ ಆಟದ ಸೊಗಸೇ ಹೋಯಿತೆಂದು ಆಗಲೂ ಹಲುಬಿದವರಿದ್ದಿರಬೇಕು. 1956ರಲ್ಲಿ ಮೆಲ್ಬರ್ನಿನಲ್ಲಿ ಬೂಟು ತೊಟ್ಟ ಭಾರತ ಒಲಿಂಪಿಕ್ಸಿನ ಸೆಮಿಫೈನಲ್ ತಲುಪಿತು; ಅಷ್ಟು ಎತ್ತರವನ್ನು ಅಲ್ಲಿಂದಾಚೆ ಮುಟ್ಟಿಲ್ಲ. ಕಾಲಿಗೆ ರಕ್ಷಣೆ ಕೊಟ್ಟದ್ದರಿಂದ ಆಟ ಕೆಡಲಿಲ್ಲ. ಮಂಡಿಗೂ ಅದೇ ನ್ಯಾಯ. ನಾಲ್ಕು ಸುತ್ತಿನಲ್ಲಿ ಹೇಳಬಹುದಾದ ಅಭಿಮನ್ಯುವಿನ ಉರಿಯನ್ನು ಇಪ್ಪತ್ತು ಸುತ್ತಿಗೆ ಎಳೆದವರು ನಾವು, ನಮ್ಮ ಶಿಳ್ಳೆಗಳು.

ಕೊನೆಯದಾಗಿ, ಯಾರು ನಿರ್ಧರಿಸಬೇಕು ಎಂಬ ಮಾತು. ಕ್ರಾಮರನನ್ನು ಕೇಳಿದ್ದರೆ ಆಡುತ್ತೇನೆ ಎನ್ನುತ್ತಿದ್ದ. ಅಂಥ ಅವಕಾಶ ಮತ್ತೆ ಬರುವುದಿಲ್ಲವಲ್ಲ. ನಮ್ಮ ಪುಂಡುವೇಷಧಾರಿಯನ್ನು ನಾನು ಕೇಳಿಯೇ ಇದ್ದೆ; ನಕ್ಕರು. ಗಾಯಗೊಂಡವನನ್ನು ಕೇಳುವುದು ನ್ಯಾಯವೆನಿಸುತ್ತದೆ, ಆದರೆ ಅವನ ಉತ್ತರ ಮೊದಲೇ ಗೊತ್ತಿರುತ್ತದೆ. ತರಬೇತುದಾರನಿಗೆ ಗೆಲುವು ಬೇಕು, ಯಜಮಾನನಿಗೆ ಕರಪತ್ರದಲ್ಲಿ ಹಾಕಿದ ಹೆಸರು ಬೇಕು, ಪ್ರೇಕ್ಷಕನಿಗೆ ಮಂಡಿ ಬೇಕು. ಆದ್ದರಿಂದ ಬೇಡವೆನ್ನುವ ಅಧಿಕಾರ ಇವರಾರೂ ಅಲ್ಲದವರ ಕೈಯಲ್ಲಿರಬೇಕು. ಫುಟ್‌ಬಾಲ್ ಇದನ್ನು ನಿಧಾನವಾಗಿ ಒಪ್ಪಿಕೊಳ್ಳುತ್ತಿದೆ. ತಲೆಗೆ ಪೆಟ್ಟು ಬಿದ್ದವನಿಗೆ ಬದಲಾಗಿ, ಎಂದಿನ ಲೆಕ್ಕಕ್ಕೆ ಸೇರದಂತೆ, ಇನ್ನೊಬ್ಬನನ್ನು ಇಳಿಸುವ ಅವಕಾಶ 2021ರಿಂದ ಪ್ರಯೋಗವಾಗಿ ಬಂದು 2024ರಲ್ಲಿ ನಿಯಮಗಳ ಪುಸ್ತಕಕ್ಕೆ ಸೇರಿತು. ಹಳೆಯ ವೃತ್ತಿ ಆಟಗಾರರು ಮರೆವಿನಂಥ ಮಿದುಳಿನ ಕಾಯಿಲೆಗಳಿಂದ ಸಾಯುವ ಪ್ರಮಾಣ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು 2019ರಲ್ಲಿ ಗ್ಲಾಸ್ಗೋದ ಸಂಶೋಧಕರು ತೋರಿಸಿದ ಮೇಲೆ ಈ ತಿಳಿವು ಇನ್ನಷ್ಟು ಗಟ್ಟಿಯಾಯಿತು. ಬದಲಿಯ ವಿಷಯದಲ್ಲಿ ಯಕ್ಷಗಾನ ಫುಟ್‌ಬಾಲಿಗಿಂತ ಶ್ರೀಮಂತ. ಒಬ್ಬನಿಗಾಗದಿದ್ದರೆ ಅದೇ ಚೌಕಿಯಲ್ಲಿ ಆ ವೇಷವನ್ನು ಬಲ್ಲ ಇನ್ನೊಬ್ಬನಿರುತ್ತಾನೆ. ಇಲ್ಲದಿರುವುದು ಬದಲಿ ವೇಷಧಾರಿಯಲ್ಲ, ಬದಲಿಯನ್ನು ಒಪ್ಪುವ ನಮ್ಮ ಮನಸ್ಸು.

ಈಚೆಗೆ ಒಂದು ಆಟಕ್ಕೆ ಆ ಹಳೆಯ ಕಲಾವಿದರೂ ನಾನೂ ಜೊತೆಯಲ್ಲಿ ಹೋದೆವು. ನೆಲದಲ್ಲಿ ಕೂರಲು ಅವರಿಗೆ ಆಗುವುದಿಲ್ಲ, ಕುರ್ಚಿ ಹಾಕಿಸಿದೆ. ಅಭಿಮನ್ಯು ಮಾಡಿದವನು ಎಳೆಯ ಹುಡುಗ. ಮೂರು ಸುತ್ತು ಮಂಡಿ ಹಾಕಿ ಎದ್ದ. ಹಿಂದಿನಿಂದ ಶಿಳ್ಳೆ, "ಮಂಡಿ, ಮಂಡಿ" ಎಂಬ ಕೂಗು. ಹುಡುಗ ಭಾಗವತರ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದ. ಭಾಗವತರು ಪದ್ಯವನ್ನು ಮುಗಿತಾಯಕ್ಕೆ ತಂದರು. ಹುಡುಗ ನಿಂತಲ್ಲೇ, ಮುರಿದ ತೇರಿನ ಗಾಲಿಯನ್ನು ಎತ್ತಿ ಹಿಡಿದವನಂತೆ ತೋಳೆತ್ತಿ, ಸುತ್ತ ನಿಂತ ಮಹಾರಥರನ್ನು ಒಬ್ಬೊಬ್ಬರನ್ನಾಗಿ ಕಣ್ಣಿನಿಂದ ಅಳೆದ. ಪಕ್ಕದಲ್ಲಿದ್ದವರು ತಮ್ಮ ಬಲಮಂಡಿಯನ್ನು ಅಂಗೈಯಿಂದ ಮೆಲ್ಲಗೆ ನೇವರಿಸುತ್ತ, "ಹುಡ್ಗ ಅಡ್ಡಿಲ್ಲೆ" ಎಂದರು.

ನಾನು ಚಪ್ಪಾಳೆ ತಟ್ಟಿದೆ. ಒಬ್ಬನೇ ತಟ್ಟಿದ್ದರಿಂದ ಸ್ವಲ್ಪ ನಾಚಿಕೆಯೂ ಆಯಿತು.